ಮಹಡಿ ಮೇಲಕ್ಕೆ ನೆಟ್: ಪ್ಲಗ್ಗೋ, ಪೈಪೋ?

ಫೈಬರ್ ಕೆಳಗಿನ ಹಾಲ್‌ಗೆ ಬಂದಿರುತ್ತೆ, ಕೆಲಸ ಮಾಡೋ ರೂಮು ಮಹಡಿ ಮೇಲೆ. ಮಧ್ಯದ ಆರ್‌ಸಿಸಿ ದಾಟುವಷ್ಟರಲ್ಲಿ 5 ಗಿಗಾಹರ್ಟ್ಸ್ ವೈಫೈ ಸುಸ್ತು. ಆಗ ಕಣ್ಣಿಗೆ ಬೀಳೋದು ಪವರ್‌ಲೈನ್ ಅಡಾಪ್ಟರ್: ಕೆಳಗೊಂದು, ಮೇಲೊಂದು ಪ್ಲಗ್ ಚುಚ್ಚಿದರೆ ಕರೆಂಟ್ ವೈರಿನಲ್ಲೇ ನೆಟ್. ಗೋಡೆ ಕೊರೆಯುವ ಹಾಗಿಲ್ಲದ ಬಾಡಿಗೆ ಮನೆಗೆ ಸರಿ. ಸ್ವಂತ ಮನೆಯವರು ಮಾತ್ರ ಅದಕ್ಕೆ ದುಡ್ಡು ಹಾಕೋ ಮೊದಲು ಗೋಡೆಯೊಳಗೆ ನೆಟ್ ಕೇಬಲ್ ಎಳೆಯೋಕೆ ಪೈಪ್ ಇದೆಯಾ ನೋಡಿ ಅಂತಲೇ ನಾನು ಹೇಳೋದು.

ಅಡಾಪ್ಟರ್ ಡಬ್ಬಿ ಮೇಲಿನ 600, 1000 ಎಂಬಿಪಿಎಸ್ ಎಲ್ಲ ಕಾಗದದ ಲೆಕ್ಕ. ಕೈಗೆ ಸಿಗೋದು ಹೆಚ್ಚೆಂದರೆ ಅದರ ಮೂರನೇ ಒಂದು ಭಾಗ, ಎಷ್ಟೋ ಮನೆಗಳಲ್ಲಿ ಅದೂ ಇಲ್ಲ. 600ರ ಹಲವು ಮಾದರಿಗಳ ಈಥರ್ನೆಟ್ ಪೋರ್ಟೇ (ನೆಟ್ ಕೇಬಲ್ ಚುಚ್ಚುವ ಕಿಂಡಿ) 100 ಎಂಬಿಪಿಎಸ್‌ನದು. ವೈರಿಂಗ್ ಎಷ್ಟೇ ಚೆನ್ನಾಗಿರಲಿ, 95ರ ಆಸುಪಾಸಿಗೆ ನಿಲ್ಲುತ್ತೆ. ಕೊಳ್ಳುವಾಗ ಗಿಗಾಬಿಟ್ ಪೋರ್ಟ್ ಅಂತ ಬರೆದಿದೆಯಾ ನೋಡಿ.

ಇನ್ನು ನಮ್ಮ ಮನೆಗಳ ವೈರಿಂಗ್. ತ್ರೀ ಫೇಸ್ ಮನೆಯಲ್ಲಿ ಕೆಳಗೆ ಒಂದು ಫೇಸು, ಮಹಡಿಗೆ ಇನ್ನೊಂದು ಇರೋದು ಸಾಮಾನ್ಯ. ಒಂದು ಫೇಸ್ ಹೋದಾಗ ಕೆಳಗೆ ದೀಪ ಉರೀತಾ ಮೇಲೆ ಕತ್ತಲಾದರೆ ನಿಮ್ಮದು ಅದೇ ಕಥೆ. ಅಂಥ ಕಡೆ ಸಿಗ್ನಲ್ ಒಂದು ಫೇಸಿನಿಂದ ಇನ್ನೊಂದಕ್ಕೆ ಹಾರಿದರೆ ಹಾರಿತು, ಇಲ್ಲದಿದ್ದರೆ ಇಲ್ಲ. ಇನ್ವರ್ಟರ್ ಲೈನಿನದು ಇನ್ನೊಂದು ರಗಳೆ: ಒಂದು ಅಡಾಪ್ಟರ್ ಇನ್ವರ್ಟರ್ ಪಾಯಿಂಟ್‌ನಲ್ಲಿ, ಇನ್ನೊಂದು ನೇರ ಲೈನಿನಲ್ಲಿ ಇದ್ದರೆ ಕರೆಂಟ್ ಹೋದ ಕೂಡಲೇ ರೂಟರ್ ಬದುಕಿರುತ್ತೆ, ಮೇಲಿನ ನೆಟ್ ಸಾಯುತ್ತೆ.

ಅಡಾಪ್ಟರನ್ನು ಸ್ಪೈಕ್ ಬಸ್ಟರ್‌ಗೆ, ಯುಪಿಎಸ್‌ಗೆ ಚುಚ್ಚಬೇಡಿ. ಅವುಗಳೊಳಗಿನ ಫಿಲ್ಟರ್ ಇದರ ಸಿಗ್ನಲ್ಲನ್ನೇ ಕಸ ಅಂತ ತಿಂದುಹಾಕುತ್ತೆ. ನೇರ ಗೋಡೆ ಸಾಕೆಟ್‌ಗೇ ಹಾಕಿ, ಅಗ್ಗದ ಚಾರ್ಜರ್, ಎಲ್‌ಇಡಿ ಡ್ರೈವರ್ ಪಕ್ಕದಲ್ಲಿರದಂತೆ ನೋಡಿಕೊಳ್ಳಿ. ಡಬ್ಬಿ ಮೇಲೆ ‘ಎವಿ2 ಮೀಮೋ’ ಅಂತ ಇರುವ ದುಬಾರಿ ಮಾದರಿ ಅರ್ಥಿಂಗ್ ವೈರನ್ನೂ ಬಳಸುತ್ತೆ. ಅರ್ಥಿಂಗ್ ಇಲ್ಲದ ಹಳೇ ಮನೆಯಲ್ಲಿ ಆ ಹೆಚ್ಚುವರಿ ದುಡ್ಡು ದಂಡ. ಎರಡೂ ಅಡಾಪ್ಟರನ್ನು ಜೋಡಿಸಿ ಅವಕ್ಕೇ ಬೇರೆ ಕೀಲಿ ಕೊಡುವ ಪೇರ್ ಬಟನ್ ಒತ್ತೋದನ್ನೂ ಮರೆಯಬೇಡಿ. ಫ್ಯಾಕ್ಟರಿಯಿಂದ ಬರುವಾಗ ಸಾಮಾನ್ಯವಾಗಿ ಎಲ್ಲದರ ಕೀಲಿಯೂ (ಪಾಸ್‌ವರ್ಡ್ ಇದ್ದ ಹಾಗೆ) ಒಂದೇ, ಅಪಾರ್ಟ್‌ಮೆಂಟ್‌ನಲ್ಲಿ ಪಕ್ಕದ ಮನೆಯ ಅಡಾಪ್ಟರ್ ನಿಮ್ಮದಕ್ಕೆ ಸೇರಿಕೊಂಡೀತು.

ಕೇಬಲ್‌ಗೆ ಈ ತಲೆನೋವು ಯಾವುದೂ ಇಲ್ಲ. ಡಿಶ್ ಕೇಬಲ್ ಹೋದ ಪೈಪ್ ಬಹಳಷ್ಟು ಮನೆಗಳಲ್ಲಿ ಎಲ್ಲೋ ಇರುತ್ತೆ. ಆ ಹಳೇ ಕೇಬಲ್ಲಿನ ತುದಿಗೆ ಹೊಸ ಕ್ಯಾಟ್6 ನೆಟ್ ಕೇಬಲ್ ಕಟ್ಟಿ, ಗಂಟಿನ ಮೇಲೆ ಟೇಪ್ ಸುತ್ತಿ, ಒಬ್ಬರು ಎಳೆಯುವಾಗ ಇನ್ನೊಬ್ಬರು ಆ ಕಡೆಯಿಂದ ತಳ್ಳಿ. ಪೈಪ್ ಇಲ್ಲವೋ, ಸ್ಕರ್ಟಿಂಗ್ ಮೇಲೆ ಪಿವಿಸಿ ಪಟ್ಟಿ ಹೊಡೆಸಿ. ಕರೆಂಟ್ ವೈರಿನ ಪೈಪಿನೊಳಗೆ ಮಾತ್ರ ತೂರಿಸಬೇಡಿ: ಇನ್ಸುಲೇಷನ್ ಹರಿದ ದಿನ 230 ವೋಲ್ಟ್ ನಿಮ್ಮ ಲ್ಯಾಪ್‌ಟಾಪ್‌ಗೆ.

ಅಗ್ಗದ ಕೇಬಲ್ ಬಹಳಷ್ಟು ಸಲ ತಾಮ್ರದ ಲೇಪದ ಅಲ್ಯೂಮಿನಿಯಂ. ಎಳೆಯನ್ನು ಬ್ಲೇಡಿನಿಂದ ಕೆರೆಯಿರಿ, ಒಳಗೆ ಬೆಳ್ಳಗಿದ್ದರೆ ವಾಪಸ್ ಕೊಡಿ. ಒಂದು ಗಿಗಾಬಿಟ್‌ಗೆ ಅಸಲಿ ತಾಮ್ರದ ಕ್ಯಾಟ್5ಇ (ಕ್ಯಾಟ್6ಗಿಂತ ಒಂದು ದರ್ಜೆ ಕೆಳಗಿನದು) ಕೂಡ 100 ಮೀಟರ್‌ವರೆಗೆ ಸಾಕು. ನಕಲಿ ಕ್ಯಾಟ್6ಗಿಂತ ಅದೇ ಎಷ್ಟೋ ವಾಸಿ.

ಕೇಬಲ್ಲಿನ ಎಂಟು ಎಳೆಗಳನ್ನು ಕನೆಕ್ಟರ್‌ಗೆ ಕೂರಿಸುವಾಗ ಎರಡೂ ತುದಿಗೆ ಒಂದೇ ಕ್ರಮ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಬಣ್ಣಗಳನ್ನು ಜೋಡಿಜೋಡಿಯಾಗಿ ಸಾಲಾಗಿ ಕೂರಿಸುವ ಕೆಲಸಗಾರರಿದ್ದಾರೆ. ಅಗ್ಗದ ಟೆಸ್ಟರ್‌ನಲ್ಲಿ ಎಂಟೂ ದೀಪ ಉರಿಯುತ್ತೆ, ನೆಟ್ ಮಾತ್ರ ಕುಂಟುತ್ತೆ. 3 ಮತ್ತು 6ನೇ ಪಿನ್‌ಗಳಿಗೆ ಒಂದೇ ಹೆಣೆದ ಜೋಡಿ ಹೋಗಬೇಕು, ಹಾಗೆ ಸಾಲಾಗಿಟ್ಟರೆ ಅದು ಒಡೆದುಹೋಗುತ್ತೆ. ಹೆಣಿಗೆಯನ್ನು 13 ಮಿಲಿಮೀಟರ್‌ಗಿಂತ ಹೆಚ್ಚು ಬಿಚ್ಚಬಾರದು. ಕೊನೆಗೆ ಕಂಪ್ಯೂಟರಿನಲ್ಲಿ ಲಿಂಕ್ ಸ್ಪೀಡ್ ನೋಡಿ: ಎರಡೂ ಕಡೆ ಗಿಗಾಬಿಟ್ ಪೋರ್ಟ್ ಇದ್ದೂ 1000 ಬದಲು 100 ಅಂತ ತೋರಿಸಿದರೆ ಸಾಮಾನ್ಯವಾಗಿ ಯಾವುದೋ ಒಂದು ಎಳೆ ಸರಿಯಾಗಿ ಕೂತಿರಲ್ಲ, ಕನೆಕ್ಟರ್ ಕತ್ತರಿಸಿ ಹೊಸದನ್ನು ಕ್ರಿಂಪ್ ಮಾಡಿ (ಇಕ್ಕಳದಿಂದ ಒತ್ತಿ ಕೂರಿಸಿ).

ಮನೆ ಕಟ್ಟಿಸ್ತಾ ಇದ್ದೀರಾ? ಪ್ಲಾಸ್ಟರಿಂಗ್‌ಗೆ ಮೊದಲೇ ರೂಟರ್ ಇಡುವ ಜಾಗದಿಂದ ಪ್ರತಿ ರೂಮಿಗೂ 25 ಮಿಲಿಮೀಟರ್ ಪೈಪ್ ಬೇರೆಯಾಗಿ ಹಾಕಿಸಿ, ಒಳಗೊಂದು ನೈಲಾನ್ ದಾರ ಬಿಟ್ಟಿರಿ.