ತರಬೇತಿ ನಡೆಯುತ್ತಿದೆ, ಮಕ್ಕಳನ್ನು ಹೊರಗೆ ಕಳಿಸಿ

ಅಂಗವೈಕಲ್ಯವಿರುವ ಪುಟ್ಟ ಮಕ್ಕಳ ಜೊತೆ ಕೆಲಸ ಮಾಡುವವರಿಗೆ ತರಬೇತಿ ಕೊಡುವಾಗ ಎದುರಾಗುವ ಅತಿ ದೊಡ್ಡ ಅಡಚಣೆಯನ್ನು ನಮ್ಮ ಇಲಾಖೆಗಳು ಎಂದೋ ನಿವಾರಿಸಿಕೊಂಡಿವೆ. ಆ ಅಡಚಣೆ ಎಂದರೆ ಮಗು. ಮಗು ಅಳುತ್ತದೆ, ಉಚ್ಚೆ ಹೊಯ್ಯುತ್ತದೆ, ಮುಖ್ಯ ಅತಿಥಿಗಳು ಮಾತಾಡುವಾಗ ಮೈಕಿನ ವೈರು ಎಳೆಯುತ್ತದೆ, ಸಭೆ ಶುರುವಾಗುವ ಹೊತ್ತಿಗೆ ಸರಿಯಾಗಿ ನಿದ್ದೆ ಹೋಗುತ್ತದೆ. ಇಂಥವರನ್ನು ಕಟ್ಟಿಕೊಂಡು ಮಕ್ಕಳ ಬಗ್ಗೆ ಗಂಭೀರವಾಗಿ ಮಾತಾಡುವುದು ಹೇಗೆ? ಆದ್ದರಿಂದ ಸಭಾಂಗಣದಲ್ಲಿ ಪ್ರೊಜೆಕ್ಟರ್ ಇರುತ್ತದೆ, ಹೂಗುಚ್ಛ ಇರುತ್ತದೆ, ದೀಪದ ಕಂಬ ಇರುತ್ತದೆ. ಮಗು ಫ್ಲೆಕ್ಸಿನ ಮೇಲೆ ಮಾತ್ರ ಇರುತ್ತದೆ, ಅದೂ ನಗುತ್ತಾ.

ಸಭಾಂಗಣ ಸಾಮಾನ್ಯವಾಗಿ ಮೊದಲ ಮಹಡಿಯಲ್ಲಿ. ಲಿಫ್ಟ್ ಇದ್ದರೆ ಕೆಟ್ಟಿರುತ್ತದೆ. ಊರುಗೋಲು ಹಿಡಿದ ವಿಆರ್‌ಡಬ್ಲ್ಯು, ಅಂದರೆ ಗ್ರಾಮ ಪಂಚಾಯಿತಿ ಮಟ್ಟದ ಪುನರ್ವಸತಿ ಕಾರ್ಯಕರ್ತರು, ಇಪ್ಪತ್ತೆರಡು ಮೆಟ್ಟಿಲು ಹತ್ತಿ ಬಂದು 'ಅಡೆತಡೆರಹಿತ ಪರಿಸರ' ಎಂಬ ಉಪನ್ಯಾಸ ಕೇಳುತ್ತಾರೆ. ಆಹ್ವಾನ ಪತ್ರಿಕೆಯಲ್ಲಿ ಒಂಬತ್ತೂವರೆ ಎಂದು ಅಚ್ಚಾಗಿದ್ದರೆ ಅದನ್ನು ಹನ್ನೊಂದು ಎಂದು ಓದಿಕೊಳ್ಳಬೇಕು. ಅಷ್ಟರಲ್ಲಿ ಕೇಸರಿಬಾತ್, ಉಪ್ಪಿಟ್ಟು ಮುಗಿದು ಬೆಳಗಿನ ಸಹಿಯೂ ಆಗಿರುತ್ತದೆ. ಮಧ್ಯಾಹ್ನದ ಸಹಿ ಊಟಕ್ಕೆ ಮುಂಚೆಯೋ ಆಮೇಲೋ ಎಂಬುದರ ಮೇಲೆ ಎರಡನೇ ಅವಧಿಯ ಹಾಜರಾತಿ ನಿಂತಿರುತ್ತದೆ. ಅನುಭವಿ ಸಂಘಟಕರು ಆಮೇಲೆಯೇ ತೆಗೆದುಕೊಳ್ಳುತ್ತಾರೆ.

ಒಳಗೆ ಕೂತವರ ಪಟ್ಟಿ ನೋಡಿ. ಅಂಗನವಾಡಿ ಟೀಚರ್, ಆಶಾ, ವಿಆರ್‌ಡಬ್ಲ್ಯು, ತಾಲ್ಲೂಕು ಮಟ್ಟದ ಪುನರ್ವಸತಿ ಕಾರ್ಯಕರ್ತರಾದ ಎಂಆರ್‌ಡಬ್ಲ್ಯು, ಆರ್‌ಬಿಎಸ್‌ಕೆ ಎಂಬ ಮಕ್ಕಳ ಆರೋಗ್ಯ ತಪಾಸಣಾ ತಂಡದ ಆಯುಷ್ ವೈದ್ಯರು, ಜಿಲ್ಲಾಸ್ಪತ್ರೆಯ ಶೀಘ್ರ ಮಧ್ಯಸ್ಥಿಕೆ ಕೇಂದ್ರದ ಫಿಜಿಯೋಥೆರಪಿಸ್ಟ್. ಒಬ್ಬರ ಕೆಲಸ ಗುರುತಿಸುವುದು, ಇನ್ನೊಬ್ಬರದು ಕಳಿಸುವುದು, ಮತ್ತೊಬ್ಬರದು ಚಿಕಿತ್ಸೆ. ಎಲ್ಲರಿಗೂ ಒಂದೇ ಪಿಪಿಟಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿರುವ 21 ಅಂಗವೈಕಲ್ಯಗಳನ್ನು ಸಂಪನ್ಮೂಲ ವ್ಯಕ್ತಿಗಳು ನಲವತ್ತು ನಿಮಿಷದಲ್ಲಿ ಮುಗಿಸುತ್ತಾರೆ, ತಲಾ ಎರಡು ನಿಮಿಷವೂ ಇಲ್ಲ. ರಕ್ತದ ಕಾಯಿಲೆಯಾದ ಥಲಸೇಮಿಯಾಕ್ಕೊಂದು ಸ್ಲೈಡು, ಮಿದುಳಿಗಾದ ಹಾನಿಯಿಂದ ಚಲನೆ ಕೆಡುವ ಸೆರೆಬ್ರಲ್ ಪಾಲ್ಸಿಗೊಂದು ಸ್ಲೈಡು, ಸಾಮಾಜಿಕ ನ್ಯಾಯ ಎಂದರೆ ಇದೇ. ಫಿಜಿಯೋಥೆರಪಿಸ್ಟ್ ಆಕಳಿಸುತ್ತಾರೆ, ಏಕೆಂದರೆ ಇದೆಲ್ಲ ಗೊತ್ತು. ಅಂಗನವಾಡಿ ಟೀಚರ್ ಆಕಳಿಸುವುದಿಲ್ಲ, ಅವರು ಮೇಜಿನ ಕೆಳಗೆ ಮೊಬೈಲ್ ಹಿಡಿದು ಸರ್ಕಾರದ ಮಾಹಿತಿ ಆ್ಯಪ್ ಆದ ಪೋಷಣ್ ಟ್ರ್ಯಾಕರ್ ತುಂಬುತ್ತಿದ್ದಾರೆ. 'ಇವತ್ತು ಸಂಜೆಯೊಳಗೆ ನೂರಕ್ಕೆ ನೂರು ಎಂಟ್ರಿ ಆಗಲೇಬೇಕು' ಎಂದು ಸರ್ಕಲ್ ಗ್ರೂಪಿನಲ್ಲಿ ಮೆಸೇಜ್ ಹಾಕಿದ ಸೂಪರ್‌ವೈಸರ್ ಮೇಡಂ ಮುಂದಿನ ಸಾಲಿನಲ್ಲೇ ಕೂತಿದ್ದಾರೆ.

ಕಲಿಸಬೇಕಾದ ವಿಷಯ ತೀರಾ ಕಷ್ಟದ್ದೇನಲ್ಲ. ಉದಾಹರಣೆಗೆ ಟಿಡಿಎಸ್‌ಸಿ. ತಿರುವನಂತಪುರದ ಚೈಲ್ಡ್ ಡೆವಲಪ್‌ಮೆಂಟ್ ಸೆಂಟರ್ ಮಗುವಿನ ಬೆಳವಣಿಗೆ ತಡವಾಗಿದೆಯೇ ಎಂದು ನೋಡಲು ರೂಪಿಸಿದ ಈ ಚಾರ್ಟಿನಲ್ಲಿ ಎರಡು ವರ್ಷದೊಳಗಿನ ಮಕ್ಕಳಿಗೆ 17 ಅಂಶಗಳಿವೆ, ಒಂದೊಂದೂ ಮಗು ಇಂತಿಷ್ಟು ತಿಂಗಳೊಳಗೆ ಮಾಡಬೇಕಾದ ಕೆಲಸ; ತಿಂಗಳುಗಳು ಎಡದಿಂದ ಬಲಕ್ಕೆ. ಮಗುವಿಗೆ ಎಷ್ಟು ತಿಂಗಳೋ ಅಲ್ಲಿಗೆ ಸರಿಯಾಗಿ ಒಂದು ಪೆನ್ಸಿಲನ್ನು ಮೇಲಿಂದ ಕೆಳಕ್ಕೆ ನೇರವಾಗಿ ಇಡಬೇಕು. ಪೆನ್ಸಿಲಿನ ಎಡಕ್ಕೆ ಪೂರ್ತಿಯಾಗಿ ಬೀಳುವ ಅಂಶಗಳಲ್ಲಿ ಒಂದನ್ನು ಮಗು ಮಾಡದಿದ್ದರೂ ಮುಂದಿನ ತಪಾಸಣೆಗೆ ಕಳಿಸಬೇಕು. ಇಷ್ಟೇ ವಿಧಾನ. ಎಡವುವುದು ಎರಡು ಕಡೆ. ಮೊದಲನೆಯದು ವಯಸ್ಸು. ದಿನ ತುಂಬುವ ಎಂಟು ವಾರ ಮೊದಲೇ ಹುಟ್ಟಿದ ಮಗುವಿಗೆ ಇವತ್ತು ಹತ್ತು ತಿಂಗಳಾಗಿದ್ದರೆ ಪೆನ್ಸಿಲ್ ಎಂಟರ ಮೇಲಿರಬೇಕು, ಎರಡು ವರ್ಷ ತುಂಬುವವರೆಗೂ ಈ ಕಳೆಯುವ ಲೆಕ್ಕ ಮಾಡಲೇಬೇಕು. ತಾಯಿ ಕಾರ್ಡಿನ ಹುಟ್ಟಿದ ದಿನಾಂಕವನ್ನಷ್ಟೇ ನೋಡಿ ಪೆನ್ಸಿಲ್ ಇಟ್ಟರೆ ಚೆನ್ನಾಗಿರುವ ಮಗುವನ್ನು ಜಿಲ್ಲಾಸ್ಪತ್ರೆಗೆ ಓಡಿಸಿದಂತಾಗುತ್ತದೆ. ಎರಡನೆಯದು ನೋಡುವ ಬದಲು ಕೇಳುವುದು. 'ಕೂರ್ತಾನಾ ಅಕ್ಕ?' ಎಂದರೆ 'ಹೂಂ, ಕೂರ್ತಾನಲ್ಲ' ಎನ್ನುತ್ತಾಳೆ ತಾಯಿ. ಅವಳು ಸುಳ್ಳು ಹೇಳುತ್ತಿಲ್ಲ. ಗೋಡೆಯ ಮೂಲೆಯಲ್ಲಿ ಎರಡು ದಿಂಬು ಕೊಟ್ಟರೆ ಕೂರುತ್ತಾನೆ. ಚಾಪೆಯ ಮೇಲೆ ಆಸರೆಯಿಲ್ಲದೆ ಕೂರಿಸಿ ನೋಡಿದರೆ ತಾನೇ ಗೊತ್ತಾಗುವುದು.

ಇದನ್ನು ಕಲಿಸಲು ಬೇಕಾದದ್ದು ಒಂದು ಚಾಪೆ, ಒಂದು ಪೆನ್ಸಿಲ್ ಮತ್ತು ನಾಲ್ಕು ಮಕ್ಕಳು: ಸರಿಯಾಗಿ ಬೆಳೆಯುತ್ತಿರುವ ಒಂದು, ದಿನ ತುಂಬದೆ ಹುಟ್ಟಿದ ಒಂದು, ದಿಂಬಿದ್ದರೆ ಮಾತ್ರ ಕೂರುವ ಒಂದು, ಹೊಸಬರನ್ನು ಕಂಡರೆ ಏನೂ ಮಾಡದೆ ಚೀರುವ ಒಂದು. ನಾಲ್ಕನೆಯದು ಬಹಳ ಮುಖ್ಯ. ಮಾಡಲಾರದ ಮಗುವಿಗೂ ಮಾಡಲೊಲ್ಲದ ಮಗುವಿಗೂ ಇರುವ ವ್ಯತ್ಯಾಸ ಅದೊಂದರಿಂದಲೇ ತಿಳಿಯುವುದು. ತರಬೇತಿಯ ಕಿಟ್ಟಿನಲ್ಲಿ ಮಾತ್ರ ಇಲಾಖೆಯ ಹೆಸರು ಅಚ್ಚಾದ ಬ್ಯಾಗು, ಬಾಲ್ ಪೆನ್ನು, ನೋಟ್‌ಪ್ಯಾಡು, ನೀರಿನ ಬಾಟಲಿ ಇರುತ್ತವೆ. ಪೆನ್ಸಿಲ್ ಇಲ್ಲ. ಚಾರ್ಟು ಪರದೆಯ ಮೇಲಿದೆ, ಅದರಲ್ಲಿನ ತಿಂಗಳ ಅಂಕಿಗಳು ಮೂರನೇ ಸಾಲಿನಿಂದಾಚೆಗೆ ಕಾಣುವುದಿಲ್ಲ. 'ಎಲ್ಲರಿಗೂ ಅರ್ಥವಾಯಿತಾ?' ಎಂದು ಕೇಳಿದಾಗ ಸಭೆ ಒಕ್ಕೊರಲಿನಿಂದ 'ಆಯ್ತು ಸಾರ್' ಎನ್ನುತ್ತದೆ. ಭಾಷಾ ಬೆಳವಣಿಗೆಯ ದೃಷ್ಟಿಯಿಂದ ಇದು ಐದನೇ ತರಗತಿಯಲ್ಲೇ ಸಿದ್ಧಿಸುವ ಮೈಲಿಗಲ್ಲು.

ಮಧ್ಯಾಹ್ನ ಪ್ರಾತ್ಯಕ್ಷಿಕೆ. ಇದಕ್ಕೆ ಗೊಂಬೆ ತರುತ್ತಾರೆ. ಗೊಂಬೆಯಷ್ಟು ಸಹಕರಿಸುವ ಮಗು ಕರ್ನಾಟಕದಲ್ಲಿ ಇನ್ನೂ ಹುಟ್ಟಿಲ್ಲ. ಕಾಲು ಅಗಲಿಸಿದರೆ ಅಗಲಿಸಿಕೊಂಡೇ ಇರುತ್ತದೆ, ಕತ್ತು ಯಾವ ಕಡೆಗಾದರೂ ತಿರುಗುತ್ತದೆ. ಮೈ ಬಿಗಿಯುವ ಸೆರೆಬ್ರಲ್ ಪಾಲ್ಸಿಯ ಮಗುವನ್ನು ಮಲಗಿದಲ್ಲಿಂದ ಎರಡೂ ಕೈ ಹಿಡಿದೆಳೆದರೆ ತಲೆ ಹಿಂದಕ್ಕೆ ಬಿದ್ದು ಬೆನ್ನು ಬಿಲ್ಲಾಗಿ, ಕಾಲು ಕತ್ತರಿಯಾಗುತ್ತದೆ. ಅದನ್ನು ಮೊದಲು ಪಕ್ಕಕ್ಕೆ ಹೊರಳಿಸಬೇಕು, ಸೊಂಟ ಮತ್ತು ಮಂಡಿ ಮಡಿಸಬೇಕು, ಆಮೇಲೆ ಎತ್ತಬೇಕು. ಎತ್ತಿಕೊಂಡಾಗ ಕಾಲುಗಳು ಬೇರೆಬೇರೆಯಾಗುವಂತೆ ಸೊಂಟದ ಮೇಲೆ ಕೂರಿಸಿಕೊಳ್ಳಬೇಕು. ಮಡಿಸಿದಾಗ ಬಿಗಿತ ಸಡಿಲವಾಗುವ ಆ ಕ್ಷಣ ಕೈಗೆ ತಿಳಿಯಬೇಕು, ಕಿವಿಗಲ್ಲ. ಗೊಂಬೆ ಬಿಗಿಯುವುದೇ ಇಲ್ಲವಾದ್ದರಿಂದ ಸಡಿಲವಾಗುವ ಪ್ರಶ್ನೆಯೂ ಇಲ್ಲ.

ಊಟ ಮಾಡಿಸುವ ಪಾಠ ಇನ್ನೂ ಸೊಗಸು. ತಲೆ ಹಿಂದಕ್ಕೆ ವಾಲಿಸಿ ಬಾಯಿಗೆ ಸುರಿದರೆ ಆಹಾರ ಶ್ವಾಸನಾಳಕ್ಕೆ ಹೋಗುತ್ತದೆ. 'ಇವನಿಗೆ ಪದೇಪದೇ ಕಫ' ಎಂದು ಮನೆಯವರು ಹೇಳುವ ಎಷ್ಟೋ ಮಕ್ಕಳ ಎದೆ ಸೋಂಕಿನ ಹಿಂದೆ ಇರುವುದು ಇದೇ. ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ಎದೆಯ ಕಡೆಗೆ ಬರುವಂತೆ ಹಿಡಿದು, ರಾಗಿ ಸರಿಯನ್ನು ಚಮಚದಿಂದ ತೊಟ್ಟಿಕ್ಕದಷ್ಟು ಗಟ್ಟಿ ಮಾಡಿ, ಚಮಚದಿಂದ ನಾಲಿಗೆಯ ಮಧ್ಯ ಮೆಲ್ಲಗೆ ಒತ್ತಿ, ತುಟಿ ಮುಚ್ಚುವವರೆಗೂ ಕಾಯಬೇಕು. ಚಮಚವನ್ನು ಮೇಲಿನ ವಸಡಿಗೆ ಒರೆಸಿ ತೆಗೆಯಬಾರದು. ಉಂಡ ಮೇಲೆ ಅರ್ಧ ಗಂಟೆ ಮಲಗಿಸಬಾರದು. ಕಾಯುವುದೇ ಇಲ್ಲಿನ ಕೌಶಲ, ಅದನ್ನು ಗಡಿಯಾರ ನೋಡುತ್ತಾ ಕೂತ ಸಭೆಗೆ ಕಲಿಸಲಾಗದು. ಗೊಂಬೆಯ ಬಾಯಿಯಂತೂ ಕಾರ್ಖಾನೆಯಲ್ಲೇ ಮುಚ್ಚಿದೆ. ಚಮಚವನ್ನು ಅದರ ತುಟಿಯ ಹತ್ತಿರ ಹಿಡಿದು ಎಲ್ಲರೂ ಕ್ಯಾಮೆರಾ ಕಡೆ ನೋಡುತ್ತಾರೆ. ಮರುದಿನ ಪತ್ರಿಕೆಯಲ್ಲಿ 'ಪ್ರಾಯೋಗಿಕ ತರಬೇತಿ' ಎಂಬ ಅಡಿಬರಹದೊಂದಿಗೆ ಚಿತ್ರ ಬರುತ್ತದೆ.

ಶ್ರವಣದೋಷಕ್ಕೆ ಉಳಿಯುವುದು ಚಹಾಕ್ಕೆ ಮುಂಚಿನ ಹದಿನೈದು ನಿಮಿಷ. ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ಖಚಿತ ರೋಗನಿರ್ಣಯ, ಆರು ತಿಂಗಳೊಳಗೆ ಉಪಕರಣ ಮತ್ತು ತರಬೇತಿ ಎಂಬ ಸೂತ್ರವನ್ನು ಎಲ್ಲರೂ ಬರೆದುಕೊಳ್ಳುತ್ತಾರೆ, ಪೋಸ್ಟ್ ಟೆಸ್ಟಿನಲ್ಲಿ ಅದೇ ಬರುವುದು. ಪರೀಕ್ಷೆಗೆ ಬಾರದ ಸಂಗತಿ ಬೇರೆ ಇದೆ. ಎಳೆ ಮಗುವಿನ ಕಿವಿ ಬೇಗ ಬೆಳೆಯುತ್ತದೆ, ಶ್ರವಣ ಉಪಕರಣವನ್ನು ಕಿವಿಯೊಳಗೆ ಕೂರಿಸುವ ಅಚ್ಚು ಕೆಲವೇ ತಿಂಗಳಲ್ಲಿ ಸಡಿಲವಾಗುತ್ತದೆ, ಸಂದಿಯಿಂದ ಹೊರಬಂದ ಶಬ್ದ ಮತ್ತೆ ಮೈಕಿಗೆ ಹೋಗಿ ಉಪಕರಣ 'ಕುಂಯ್' ಎನ್ನುತ್ತದೆ. ಮಿಷನ್ ಕೆಟ್ಟಿತು ಎಂದು ಮನೆಯವರು ವಾಲ್ಯೂಮ್ ಇಳಿಸುತ್ತಾರೆ, ಆಮೇಲೆ ಬೀರುವಿನಲ್ಲಿಡುತ್ತಾರೆ. ಅಚ್ಚು ಸರಿಯಾಗಿ ಕೂತಿದೆಯೇ, ಗುಗ್ಗೆ ತುಂಬಿದೆಯೇ, ಅಚ್ಚು ಚಿಕ್ಕದಾಗಿದೆಯೇ ಎಂದು ಈ ಕ್ರಮದಲ್ಲಿ ನೋಡುವುದನ್ನು ಯಾವ ಆಶಾ ಬೇಕಾದರೂ ಕಲಿಯಬಹುದು. ಬೆಳಿಗ್ಗೆ ಉಪಕರಣ ಹಾಕಿದ ಕೂಡಲೇ ತುಟಿ ಕಾಣದಂತೆ ನಿಂತು ಮ್, ಊ, ಆ, ಈ, ಶ್, ಸ್ ಎಂಬ ಆರು ಧ್ವನಿಗಳನ್ನು ಒಂದೊಂದಾಗಿ ಹೇಳಿ ಮಗು ತಿರುಗುತ್ತದೆಯೇ ನೋಡುವುದನ್ನು ಯಾವ ಅಜ್ಜಿ ಬೇಕಾದರೂ ಕಲಿಯಬಹುದು. ಮೈಸೂರಿನಲ್ಲಿ ಕಿವುಡು ಮಕ್ಕಳ ಜೊತೆ ಅವರ ಅಮ್ಮಂದಿರೂ ತರಗತಿಯಲ್ಲಿ ಕೂತು ಕಲಿಯುವ ಶಾಲೆ ದಶಕಗಳಿಂದ ನಡೆಯುತ್ತಿದೆ. ಅಲ್ಲಿಗೆ ಅಧ್ಯಯನ ಪ್ರವಾಸ ಹೋಗಿ ಬಂದವರು ಬಹಳ ಮಂದಿ. ಬಂದು ಅದರ ಬಗ್ಗೆ ಪಿಪಿಟಿ ಮಾಡಿದ್ದಾರೆ.

ಪದವಿ ಪಡೆದ ವಾಕ್-ಶ್ರವಣ ಥೆರಪಿಸ್ಟರ ಪಾಡು ಇದಕ್ಕಿಂತ ಆಧುನಿಕ. 1992ರ ಕಾಯ್ದೆಯಡಿ ಸ್ಥಾಪಿತವಾದ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಅವರ ನೋಂದಣಿ ನವೀಕರಣವಾಗಲು ಮುಂದುವರಿಕೆ ಶಿಕ್ಷಣದ ಸಿಆರ್‌ಇ ಅಂಕಗಳು ಬೇಕು. ಅಂಕ ಈಗ ಝೂಮ್‌ನಲ್ಲೂ ಸಿಗುತ್ತದೆ. ಹೆಸರಿನ ಮುಂದೆ ತಮ್ಮ ನೋಂದಣಿಯ ಸಿಆರ್‌ಆರ್ ಸಂಖ್ಯೆ ಹಾಕಿ ರೀನೇಮ್ ಮಾಡಿಕೊಂಡು, ಕ್ಯಾಮೆರಾ ಆಫ್ ಮಾಡಿ, ಮೊಬೈಲನ್ನು ಕಿಟಕಿಯಲ್ಲಿಟ್ಟು ತಮ್ಮ ಕೆಲಸ ನೋಡಿಕೊಳ್ಳಬಹುದು. ಎಡಗಿವಿಯ ಇಯರ್‌ಫೋನಿನಲ್ಲಿ 'ಥೆರಪಿಯ ವೇಳೆ ಮಗುವಿನ ಕಡೆಗೇ ಪೂರ್ಣ ಗಮನವಿರಲಿ' ಎಂಬ ಉಪನ್ಯಾಸ ಕೇಳುತ್ತಾ, ಬಲಗೈಯಲ್ಲಿ ಎದುರಿನ ಮಗುವಿಗೆ ಬ್ಲಾಕ್ ಕೊಡುತ್ತಾ ಇರುವವರಿದ್ದಾರೆ. ಮೂರು ಗಂಟೆ ಸತ್ತಂತಿದ್ದ ಚಾಟ್ ಪೆಟ್ಟಿಗೆಗೆ ಕೊನೆಯ ಐದು ನಿಮಿಷದಲ್ಲಿ ಜೀವ ಬರುತ್ತದೆ: 'ಸರ್ ಲಿಂಕ್ ಪ್ಲೀಸ್', 'ಮೇಡಂ ಫಾರಂ ಓಪನ್ ಆಗ್ತಿಲ್ಲ'. ಮಾತು ತಡವಾದ ಮಕ್ಕಳ ಬಗ್ಗೆ ನಡೆದ ಕಾರ್ಯಕ್ರಮದಲ್ಲಿ ಕಂಡ ಏಕೈಕ ಸ್ವಯಂಪ್ರೇರಿತ ಸಂವಹನ ಅದು.

ಇನ್ನು ಮಾಸ್ಟರ್ ಟ್ರೈನರ್ ಎಂಬ ಪರಂಪರೆ. ಅಂಗನವಾಡಿಯಲ್ಲಿ ಪೋಷಣೆಯ ಜೊತೆ ಕಲಿಕೆಯನ್ನೂ ತರುವ ಕೇಂದ್ರದ 'ಪೋಷಣ್ ಭೀ ಪಢಾಯಿ ಭೀ' ಕಾರ್ಯಕ್ರಮ 2023ರ ಮೇ ತಿಂಗಳಲ್ಲಿ ಶುರುವಾಯಿತು. ಅದೇ ವರ್ಷ ನವೆಂಬರ್ 28ಕ್ಕೆ ದಿವ್ಯಾಂಗ ಮಕ್ಕಳಿಗಾಗಿ ಅಂಗನವಾಡಿ ಪ್ರೋಟೋಕಾಲ್ ಬಿಡುಗಡೆಯಾಯಿತು: ಗುರುತಿಸಿ, ಎಲ್ಲರ ಜೊತೆ ಸೇರಿಸಿ ಕುಟುಂಬಕ್ಕೆ ಬಲ ಕೊಡಿ, ಆಶಾ ಮತ್ತು ಆರ್‌ಬಿಎಸ್‌ಕೆ ತಂಡದ ಮೂಲಕ ಮುಂದಕ್ಕೆ ಕಳಿಸಿ. ಹಾಳೆಯ ಮೇಲೆ ಒಳ್ಳೆಯ ಕೆಲಸವೇ, ಕುಹಕವಿಲ್ಲದೆ ಹೇಳುತ್ತಿದ್ದೇವೆ. ತಲುಪಿಸುವ ದಾರಿ ನೋಡಿ. ಮಾಸ್ಟರ್ ಟ್ರೈನರ್‌ಗಳಿಗೆ ಎರಡು ದಿನ ತರಬೇತಿ, ಅವರು ಅಂಗನವಾಡಿ ಕಾರ್ಯಕರ್ತೆಯರಿಗೆ ಕೊಡುವುದು ಮೂರು ದಿನ. ಎರಡು ದಿನ ಕಲಿತದ್ದನ್ನು ಮೂರು ದಿನ ಕಲಿಸುವುದು ಹೇಗೆ ಎಂದು ಯಾರೂ ಕೇಳುವುದಿಲ್ಲ. ಮಾಸ್ಟರ್ ಟ್ರೈನರ್ ಆದ ಸೂಪರ್‌ವೈಸರ್ ಮೇಡಂ ಮೈ ಬಿಗಿದ ಮಗುವನ್ನು ತಾವೂ ಎತ್ತಿರುವುದಿಲ್ಲ, ಎತ್ತಿದವರನ್ನು ನೋಡಿದವರ ಸ್ಲೈಡು ಅವರ ಬಳಿ ಇರುತ್ತದೆ. ತುಂಗಭದ್ರಾ ಕಾಲುವೆಯ ಕೊನೆಭಾಗದ ರೈತನಿಗೆ ನೀರು ಮುಟ್ಟುವಂತೆಯೇ ಅಂಗನವಾಡಿಗೆ ಈ ಜ್ಞಾನ ಮುಟ್ಟುತ್ತದೆ. ನೀರು ಬಿಟ್ಟ ದಾಖಲೆ ಮಾತ್ರ ಮೇಲ್ಭಾಗದಲ್ಲಿ ಪಕ್ಕಾ ಇರುತ್ತದೆ.

ಅದೂ ಯಾವಾಗ? ವರ್ಷವಿಡೀ ಬಾರದ ಅನುದಾನ ಫೆಬ್ರವರಿಯಲ್ಲಿ ಬಂದು ಮಾರ್ಚ್ 31ರೊಳಗೆ ಹಣಬಳಕೆ ಪ್ರಮಾಣಪತ್ರ ಕೇಳುತ್ತದೆ. ಹೀಗಾಗಿ ಮಾರ್ಚ್ ತಿಂಗಳಲ್ಲಿ ರಾಜ್ಯದಲ್ಲಿ ಮಕ್ಕಳನ್ನು ನೋಡಿಕೊಳ್ಳುವವರಿಗಿಂತ ಮಕ್ಕಳನ್ನು ನೋಡಿಕೊಳ್ಳುವುದನ್ನು ಕಲಿಯುತ್ತಿರುವವರೇ ಜಾಸ್ತಿ.

ಪ್ರೀ ಟೆಸ್ಟ್, ಪೋಸ್ಟ್ ಟೆಸ್ಟ್ ಎರಡಕ್ಕೂ ಒಂದೇ ಪ್ರಶ್ನೆಪತ್ರಿಕೆ. ಮಧ್ಯದಲ್ಲಿ ಉತ್ತರಗಳನ್ನು ಪರದೆಯ ಮೇಲೆ ತೋರಿಸಿರುತ್ತಾರೆ. ಅಂಕ ಏರದೆ ಇನ್ನೇನಾದೀತು? ಏರಿದ ಅಂಕದ ಬಾರ್ ಚಾರ್ಟು ವರದಿಯ ಎರಡನೇ ಪುಟಕ್ಕೆ, ಮೂರನೇ ಪುಟಕ್ಕೆ 'ಬಹಳ ಉಪಯುಕ್ತವಾಗಿತ್ತು' ಎಂಬ ಅನಿಸಿಕೆಗಳು. ಆರು ವಾರದ ನಂತರ ಯಾರಾದರೂ ಆ ಟೀಚರ್ ಪಕ್ಕದಲ್ಲಿ ಕೂತು ಅವರು ಪೆನ್ಸಿಲ್ ಎಲ್ಲಿ ಇಡುತ್ತಾರೆ ಎಂದು ನೋಡಿದರೇ ಎಂಬುದಕ್ಕೆ ವರದಿಯ ನಮೂನೆಯಲ್ಲಿ ಅಂಕಣವಿಲ್ಲ. ಅಂಕಣವಿಲ್ಲದ ಮೇಲೆ ಬಜೆಟ್ಟಿನಲ್ಲಿ ತಲೆಬರಹವಿಲ್ಲ, ತಲೆಬರಹವಿಲ್ಲದ ಮೇಲೆ ಹೋಗಿಬರುವ ಬಸ್ ಚಾರ್ಜೂ ಇಲ್ಲ.

ಕೈಗೆ ಕೆಲಸ ಬರುವ ಬಗೆ ಈ ಕ್ಷೇತ್ರದವರಿಗೆ ಗೊತ್ತಿಲ್ಲದ್ದೇನಲ್ಲ. ಜಿಲ್ಲಾ ಕೇಂದ್ರದ ಥೆರಪಿಸ್ಟ್ ಒಂದು ಅಂಗನವಾಡಿಗೆ ಹೋಗಬೇಕು. ಮಗು ಉಣ್ಣುವ ಹೊತ್ತಿಗೇ ಹೋಗಬೇಕು, ಬ್ಯಾಗಿನಿಂದ ಆಟಿಕೆ ತೆಗೆಯದೆ ಮೊದಲು ಸುಮ್ಮನೆ ನೋಡಬೇಕು. ತಾಯಿ ಹೇಗೆ ಹಿಡಿಯುತ್ತಾಳೆ, ಟೀಚರ್ ಎಲ್ಲಿ ಕೂರಿಸುತ್ತಾರೆ ಎಂದು ಗಮನಿಸಿ ಒಂದೇ ಒಂದು ಬದಲಾವಣೆ ಹೇಳಬೇಕು. ಹತ್ತು ಹೇಳಿದರೆ ಒಂದೂ ನಿಲ್ಲುವುದಿಲ್ಲ. ತಾನೇ ಮಾಡಿ ತೋರಿಸಿ ಎದ್ದುಬರದೆ, ಕೈ ಹಿಂದಕ್ಕೆ ಕಟ್ಟಿಕೊಂಡು ಅವರಿಂದಲೇ ಮಾಡಿಸಬೇಕು. 'ಈಗ ಏನು ವ್ಯತ್ಯಾಸ ಕಂಡಿತು?' ಎಂದು ಕೇಳಿ ಉತ್ತರ ಬರುವವರೆಗೂ ಬಾಯಿ ಮುಚ್ಚಿಕೊಂಡಿರಬೇಕು. ಎರಡು ವಾರ ಬಿಟ್ಟು ಮತ್ತೆ ಹೋಗಬೇಕು.

ಇದನ್ನು ಮಾಡಿ ವರದಿ ಸಲ್ಲಿಸಿ ನೋಡಿ. ತರಬೇತಿ ಪಡೆದವರ ಸಂಖ್ಯೆ: 3. ಟೀಚರ್, ತಾಯಿ, ಅಜ್ಜಿ. ವಾರದೊಳಗೆ ಕಡತ ವಾಪಸು ಬರುತ್ತದೆ, ಅಂಚಿನಲ್ಲಿ ಹಸಿರು ಶಾಯಿಯಲ್ಲಿ ಟಿಪ್ಪಣಿ: 'ಪ್ರತಿ ತಂಡಕ್ಕೆ ಕನಿಷ್ಠ 50 ಶಿಬಿರಾರ್ಥಿಗಳು ಇರತಕ್ಕದ್ದು. ಉಳಿದ 47 ಸಹಿಗಳನ್ನು ಲಗತ್ತಿಸಿ ಮರುಸಲ್ಲಿಸುವುದು.'