ಅತಿಥಿಗಳು ಚೌಕಾಸಿ ಮಾಡಬಾರದು

ನಮ್ಮ ಬೀದಿಯ ಕೊನೇ ಮನೆಯಲ್ಲಿ ಒಬ್ಬ ಗಣಿತದ ಮೇಷ್ಟ್ರಿದ್ದಾರೆ. ಎಂ.ಎಸ್ಸಿ., ಬಿ.ಎಡ್. ಒಂಬತ್ತು ವರ್ಷದಿಂದ ಒಂದು ಸರ್ಕಾರಿ ಪ್ರೌಢಶಾಲೆಗೆ ‘ಅತಿಥಿ’. ಹೆಣ್ಣು ನೋಡಲು ಹೋದಾಗ ಹುಡುಗಿಯ ಅಜ್ಜಿ, “ಏನು ಕೆಲಸ ಮಾಡ್ತೀಯಪ್ಪಾ?” ಅಂದರಂತೆ. “ಅತಿಥಿ ಶಿಕ್ಷಕ ಅಜ್ಜಿ.” “ಸರಿ ಕಣಪ್ಪಾ, ಅತಿಥಿಯಾಗಿ ಹೋದ ದಿನ ಪಾಠ ಮಾಡ್ತೀಯ. ಮಿಕ್ಕ ದಿನ?”

ಅಜ್ಜಿ ಕೇಳಿದ್ದರಲ್ಲಿ ತಪ್ಪೇನಿದೆ? ಒಂಬತ್ತು ವರ್ಷ ಒಂದೇ ಮನೆಗೆ ಬರುತ್ತಾ, ಬೆಳಿಗ್ಗೆ ಬಾಗಿಲು ತೆಗೆದು, ಸಂಜೆ ಬೀಗ ಹಾಕಿ ಹೋಗುವವರನ್ನು ಊರಲ್ಲಿ ಯಾರೂ ನೆಂಟರು ಅನ್ನುವುದಿಲ್ಲ. ಸರ್ಕಾರ ಅನ್ನುತ್ತದೆ.

ಸುಮ್ನೆ ಅನ್ನುವುದಲ್ಲ, ಅದರಲ್ಲಿ ಉಪಾಯವಿದೆ. ಕೆಲಸದವರು ಅಂದರೆ ಸಂಬಳ ಕೇಳುತ್ತಾರೆ, ರಜೆ ಕೇಳುತ್ತಾರೆ, ಪಿಂಚಣಿ ಅಂತ ಶುರು ಮಾಡುತ್ತಾರೆ. ನೆಂಟರು ಕೇಳುವುದುಂಟೇ? ಎಲೆಗೆ ಬಡಿಸಿದ್ದನ್ನು ಉಂಡು, ತೇಗಿ, ಎದ್ದು ಹೋಗಬೇಕು. ಅದಕ್ಕೇ ಇವರಿಗೆ ಕೊಡುವುದು ಸಂಬಳ ಅಲ್ಲ, ಗೌರವಧನ. ಗೌರವ ಶಾಲೆ ಶುರುವಾದ ದಿನವೇ ಬಂದುಬಿಡುತ್ತದೆ. ಧನ ಬರುವುದು ಅನುದಾನ ಬಿಡುಗಡೆಯಾದ ಮೇಲೆ. ಬೇಸಿಗೆ ರಜೆಯಲ್ಲಿ ಎರಡೂ ಇಲ್ಲ.

ಆ ಧನ ಎಷ್ಟು ಅಂತ ಮೇಷ್ಟ್ರು ಒಮ್ಮೆ ಹಳೇ ಕ್ಯಾಲೆಂಡರಿನ ಹಿಂದೆ ಬರೆದು ತೋರಿಸಿದರು. 2024-25ರಲ್ಲಿ ಪ್ರೌಢಶಾಲೆಯ ಅತಿಥಿಗೆ ತಿಂಗಳಿಗೆ 10,500 ರೂಪಾಯಿ. ಮೂವತ್ತರಿಂದ ಭಾಗಿಸಿದರೆ ದಿನಕ್ಕೆ 350. (ಭಾನುವಾರ ಯಾಕೆ ಸೇರಿಸಿದಿರಿ ಅಂತ ಕೇಳಿದೆ. “ಹೊಟ್ಟೆಗೆ ವಾರ ಗೊತ್ತಾಗಲ್ಲ ಸಾರ್” ಅಂದರು.) ಅದೇ ವರ್ಷ ರಾಜ್ಯದಲ್ಲಿ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 349. ಕೆರೆ ಹೂಳೆತ್ತುವವರಿಗೆ ಜಾಸ್ತಿ ಕೊಟ್ಟುಬಿಟ್ಟರು ಅಂತ ಯಾರಿಗೂ ಅನ್ನಿಸದು, ಅದೂ ಕಡಿಮೆಯೇ. ಆದರೆ ಮೇಷ್ಟ್ರ ಎರಡು ಡಿಗ್ರಿಗೆ ಸರ್ಕಾರ ಕಟ್ಟಿದ ಬೆಲೆ ಪೂರ್ತಿ ಒಂದು ರೂಪಾಯಿ. ಎಂ.ಎಸ್ಸಿ.ಗೆ ಎಂಟಾಣೆ, ಬಿ.ಎಡ್.ಗೆ ಎಂಟಾಣೆ.

ಖಾಯಂ ನೌಕರರ ಕತೆ ಬೇರೆ. ಅವರು ಮನೆಯವರು. 2023ರ ಮಾರ್ಚ್ 1ರಂದು ರಾಜ್ಯದ ನೌಕರರು ಮುಷ್ಕರಕ್ಕಿಳಿದರು. ಅವತ್ತೇ ಶೇ 17ರಷ್ಟು ಮಧ್ಯಂತರ ಪರಿಹಾರ ಬಂತು. ಆಮೇಲೆ ವೇತನ ಆಯೋಗದ ವರದಿ, 2024ರ ಆಗಸ್ಟ್‌ನಿಂದ ಹೊಸ ವೇತನ, ಕನಿಷ್ಠ ಮೂಲ ವೇತನ 17,000ದಿಂದ 27,000ಕ್ಕೆ. ಅತಿಥಿಗೆ ಆಯೋಗ ಇಲ್ಲ. ಫ್ರೀಡಂ ಪಾರ್ಕ್ ಇದೆ. ಹಿಂದೆ ಅದು ಸೆಂಟ್ರಲ್ ಜೈಲಾಗಿತ್ತು ಅನ್ನುವುದನ್ನು ನಮ್ಮ ಮೇಷ್ಟ್ರು ಯಾಕೋ ಪ್ರತಿ ಸಲ ನೆನಪಿಸುತ್ತಾರೆ. ಅಲ್ಲಿ ಶಾಮಿಯಾನ, ಘೋಷಣೆ, ಚಿತ್ರಾನ್ನ. ಸಂಜೆಗೆ ಯಾರೋ ಬಂದು ಮನವಿ ಪತ್ರ ತಗೊಂಡು, ಫೋಟೊಗೆ ನಿಂತು, “ಸಕಾರಾತ್ಮಕವಾಗಿ ಪರಿಶೀಲಿಸುತ್ತೇವೆ” ಅನ್ನುತ್ತಾರೆ. ಮಾತುಕತೆ ಮುಗಿಯಿತು. ಮಾತು ಅವರದು, ಕತೆ ಇವರದು.

ಕೊನೆಗೂ 2025ರ ಮಾರ್ಚ್ 7ರ ಬಜೆಟ್‌ನಲ್ಲಿ 2,000 ರೂಪಾಯಿ ಏರಿತು. ಮೇಷ್ಟ್ರು ಬೀದಿಗೆಲ್ಲ ಮೈಸೂರುಪಾಕು ಹಂಚಿದರು. ನಾನೂ ತಿಂದೆ.

ಸರಿಯಾಗಿ 14 ದಿನಕ್ಕೆ, ಮಾರ್ಚ್ 21ರಂದು, ವಿಧಾನಸಭೆಯಲ್ಲಿ ಇನ್ನೊಂದು ವೇತನ ಏರಿತು. ಶಾಸಕರ ಸಂಬಳ 40,000ದಿಂದ 80,000ಕ್ಕೆ. ಮುಖ್ಯಮಂತ್ರಿಗಳದು 75,000ದಿಂದ ಒಂದೂವರೆ ಲಕ್ಷಕ್ಕೆ. ಶಾಮಿಯಾನ ಇಲ್ಲ, ಚಿತ್ರಾನ್ನ ಇಲ್ಲ, ಚರ್ಚೆಯೂ ಇಲ್ಲ. ಅವತ್ತು ಸದನದಲ್ಲಿ ಎಂಥಾ ಗದ್ದಲ ಅಂದರೆ 18 ಶಾಸಕರು ಸಸ್ಪೆಂಡ್ ಆದರು. ಅಷ್ಟು ಗಲಾಟೆಯಲ್ಲೂ ಈ ಮಸೂದೆ ಮಾತ್ರ ಯಾರ ಕಾಲಿಗೂ ಸಿಗದೆ ದಾಟಿಕೊಂಡಿತು. ಕೇಳುವವರೂ ಅವರೇ, ಕೊಡುವವರೂ ಅವರೇ ಆದಾಗ ಚೌಕಾಸಿಗೆ ಹೊತ್ತು ಹಿಡಿಯುವುದಿಲ್ಲ, ಅಲ್ವಾ? ಐದು ವರ್ಷಕ್ಕೆ ಬಂದು ಹೋಗುವವರು ಅವರು. ಅವರನ್ನು ಅತಿಥಿ ಅನ್ನೋಣ ಅಂತ ಯಾರಿಗೂ ಹೊಳೆಯಲಿಲ್ಲ.

ಇಷ್ಟೆಲ್ಲ ಆದ ಮೇಲೆ ಮೇ ತಿಂಗಳಲ್ಲಿ ಒಂದು ದಿನ ನಾನು ಅವರ ಜಗುಲಿಯಲ್ಲೇ ಕೂತಿದ್ದೆ. ಮುಖ್ಯೋಪಾಧ್ಯಾಯರ ಫೋನ್ ಬಂತು.

“ಮೇಷ್ಟ್ರೇ, ಎಸ್ಸೆಸ್ಸೆಲ್ಸಿಯಲ್ಲಿ ಆರು ಹುಡುಗರು ಗಣಿತದಲ್ಲೇ ಹೋಗಿದ್ದಾರೆ. ಎರಡನೇ ಪರೀಕ್ಷೆಗೆ ಸ್ಪೆಷಲ್ ಕ್ಲಾಸ್ ಮಾಡಬೇಕು, ನೀವೇ ಬರಬೇಕು.”

“ಸಾರ್, ನನ್ನನ್ನ ಬಿಡುಗಡೆ ಮಾಡಿ ತಿಂಗಳಾಯ್ತಲ್ಲ? ಈಗ ನಾನು ಅತಿಥಿನೂ ಅಲ್ಲ.”

“ಅಯ್ಯೋ, ಅತಿಥಿ ಯಾರು ಅಂದ್ರು? ನೀವು ನಮ್ಮನೆಯವರಲ್ವೇನ್ರೀ!”

ಮೇಷ್ಟ್ರು ಫೋನಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಒಳಗೆ ಹೋಗಿ ಸೀಮೆಸುಣ್ಣದ ಡಬ್ಬಿ ಹುಡುಕತೊಡಗಿದರು.