ನನ್ನದೇ ಒಂದು ಟ್ಯೂನು

ಪಾಶ್ಚಾತ್ಯ ಸಂಗೀತ ರಚನೆ ಕಲಿಯಲು ಹೋದ ಮೊದಲ ದಿನವೇ ಮೇಷ್ಟ್ರು ಕೇಳಿದರು, "ನಿಮ್ಮದೇ ಅನ್ನುವಂಥದ್ದು ಏನಿದೆ?" ನಾನು ಬ್ಯಾಗಿನಿಂದ ಹೊಸ ಪೆನ್ಸಿಲ್ ತೆಗೆದು ತೋರಿಸಿದೆ. ಅವರು ಕೇಳಿದ್ದು ಟ್ಯೂನಿನ ವಿಷಯವಂತೆ.

ಅದಾಗಿ ಎಂಟು ತಿಂಗಳಾಯಿತು. ನನ್ನದು ಅಂತ ಬರೆದದ್ದಕ್ಕೆಲ್ಲ ಕೆಂಪು ಸುತ್ತು ಬಿದ್ದಿದೆ. ಜಾಸ್ತಿ ಸುತ್ತು ಬಿದ್ದಿರುವುದು ಪ್ಯಾರಲೆಲ್ ಫಿಫ್ತ್ಸ್‌ಗೆ. ಎರಡು ದನಿಗಳು ಸ-ಪ ಅಂತರ ಇಟ್ಟುಕೊಂಡು ಒಟ್ಟಿಗೇ ಏರಿ, ಒಟ್ಟಿಗೇ ಇಳಿಯಬಾರದು. ಹಾಗೆ ಮಾಡಿದರೆ ಎರಡೂ ಒಂದೇ ಆಗಿಬಿಡುತ್ತವೆ, ಯಾವುದಕ್ಕೂ ಸ್ವಂತ ನಡಿಗೆ ಉಳಿಯುವುದಿಲ್ಲ. 1725ರಲ್ಲಿ ವಿಯೆನ್ನಾದ ಫುಕ್ಸ್ ಎಂಬ ಮಹಾನುಭಾವರು ಇಂಥ ನಿಯಮಗಳನ್ನೆಲ್ಲ ಲ್ಯಾಟಿನ್ನಿನಲ್ಲಿ ಪುಸ್ತಕ ಮಾಡಿಟ್ಟರು. ಮೈಸೂರಿನ ಸರಸ್ವತಿಪುರಂನಲ್ಲಿ ಕೂತು ನಾನು ಅನುಭವಿಸುತ್ತಿದ್ದೇನೆ.

"ಸರ್, ನಮ್ಮ ತಂಬೂರಿ ಕಚೇರಿ ಪೂರ್ತಿ ಸ-ಪ ಅಂತಲೇ ಹೇಳುತ್ತಲ್ಲ?"

"ತಂಬೂರಿ ಇದ್ದಲ್ಲೇ ಇರುತ್ತೆ ರೀ. ಜೊತೆಗಿದ್ದರೆ ತಪ್ಪಿಲ್ಲ, ಜೊತೆಜೊತೆಗೆ ಓಡಾಡಿದರೆ ತಪ್ಪು."

ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ವಾಕಿಂಗ್ ಬರುವ ಹಿರಿಯರು ಹುಡುಗ ಹುಡುಗಿಯರಿಗೆ ಹೇಳುವುದು ಇದಕ್ಕೆ ಪೂರಾ ಉಲ್ಟಾ. ನಡೀತಾ ಇರಿ, ಕೂತ್ಕೋಬೇಡಿ!

ಸರಿ, ನಮ್ಮತನ ತರೋಣ ಅಂತ ತೋಡಿ ರಾಗದ ಗಾಂಧಾರ ಸ್ವರವನ್ನು ಅದರ ಗಮಕದ ಓಲಾಟದ ಸಮೇತ ಪಾಶ್ಚಾತ್ಯರ ಐದು ಗೆರೆಯ ಮೇಲೆ ಬರೆದುಕೊಂಡು ಹೋದೆ. ಒಂದು ಸ್ವರಕ್ಕೆ ಹದಿಮೂರು ಚುಕ್ಕಿ. ಮೇಷ್ಟ್ರು ಕಾಗದವನ್ನು ಕೊಡವಿ ನೋಡಿದರು. ಇರುವೆ ಅಂದುಕೊಂಡರಂತೆ.

ಮನೆಯಲ್ಲೂ ಮರ್ಯಾದೆ ಇಲ್ಲ. ಅಪ್ಪನ ಬಾಯಲ್ಲಿ ಸದಾ ಜಯಚಾಮರಾಜ ಒಡೆಯರ್. "ಲಂಡನ್ನಿನಲ್ಲಿದ್ದ ರಷ್ಯಾದ ಸಂಗೀತ ರಚನೆಕಾರ ಮೆಡ್ಟ್ನರ್‌ಗೆ ದುಡ್ಡು ಕೊಟ್ಟು ರೆಕಾರ್ಡಿಂಗ್ ಮಾಡಿಸಿದರು. ತಾವೇ ಕೂತು ಕರ್ನಾಟಕ ಸಂಗೀತದಲ್ಲಿ 94 ಕೃತಿ ಬರೆದರು. ನಿನಗೆ ಒಂದು ಆಗ್ತಿಲ್ವಾ?" ಅವರಿಗೆ ಅರಮನೆ ಇತ್ತು ಅಂದೆ. ಪಕ್ಕದಲ್ಲಿ ಮಿಕ್ಸಿ ಓಡುತ್ತಿತ್ತು, ಅಪ್ಪನಿಗೆ ಕೇಳಿಸಲಿಲ್ಲ.

ಕೊನೆಗೊಂದು ಬೆಳಗ್ಗೆ ಹಾಸಿಗೆಯಲ್ಲೇ ಒಂದು ಟ್ಯೂನು ಹೊಳೆಯಿತು. ಯಾವ ಪುಸ್ತಕದ್ದೂ ಅಲ್ಲ, ಯಾವ ಮೇಷ್ಟ್ರದ್ದೂ ಅಲ್ಲ. ಹಲ್ಲುಜ್ಜದೆ ಕೀಬೋರ್ಡ್ ಮುಂದೆ ಕೂತೆ. ನಾಲ್ಕು ಸಾಲು ನುಡಿಸುವಷ್ಟರಲ್ಲಿ ಅಮ್ಮ ಅಡುಗೆಮನೆಯಿಂದ ಬಕೆಟ್ ಹಿಡಿದು ಬಾಗಿಲಿಗೆ ಓಡಿದಳು. ಬೀದಿಯಲ್ಲಿ ಯಾರೂ ಇರಲಿಲ್ಲ.

"ಏನೋ ಇದು, ಕಸದ ಗಾಡಿ ಬಂತು ಅಂದ್ಕೊಂಡೆ."

ಹೌದು. ದಿನಾ ಬೆಳಗ್ಗೆ ನಿದ್ದೆಗಣ್ಣಲ್ಲಿ ಕೇಳುತ್ತಿದ್ದ ಹಾಡು. ಸ್ವಲ್ಪ ನಿಧಾನ ಮಾಡಿದ್ದೆ, ಅಷ್ಟೇ.

ಬೇರೆ ಏನೂ ಇರಲಿಲ್ಲವಾದ್ದರಿಂದ ಅದನ್ನೇ ತೆಗೆದುಕೊಂಡು ಹೋದೆ. ಮೇಷ್ಟ್ರು ಇರುವುದು ಆರನೇ ಮಹಡಿಯಲ್ಲಿ, ಅಲ್ಲಿಗೆ ಬೀದಿಯ ಸದ್ದು ಏರುವುದಿಲ್ಲ. ಕಣ್ಣು ಮುಚ್ಚಿ ಕೇಳಿದರು. ತುಂಬಾ ಹೊತ್ತು ಸುಮ್ಮನಿದ್ದು ಹೇಳಿದರು, "ಈಗ ನೋಡಿ, ನಿಮ್ಮ ದನಿ ಬಂತು. ಇದರಲ್ಲಿ ಈ ಮಣ್ಣಿನ ವಾಸನೆ ಇದೆ."

ವಾಸನೆ ಇದೆ ಸರ್ ಅಂದೆ. ಅದೊಂದನ್ನಂತೂ ಒಪ್ಪಲೇಬೇಕಿತ್ತು.

ಇದೇ ಧಾಟಿಯಲ್ಲಿ ಇನ್ನೂ ಮೂರು ಬರೆದು ತನ್ನಿ ಅಂದಿದ್ದಾರೆ. ಬೆಳಗ್ಗೆ ಆರಕ್ಕೇ ಎದ್ದು ನೋಟ್‌ಬುಕ್ ಹಿಡಿದು ಗೇಟಿನ ಹತ್ತಿರ ಕಾಯುತ್ತಿದ್ದೇನೆ. ಗಾಡಿಯವರು ಹಾಡು ಬದಲಾಯಿಸುತ್ತಿಲ್ಲ. ಅಮ್ಮ ಮಾತ್ರ ನಾನು ಕೀಬೋರ್ಡ್ ಮುಟ್ಟಿದ ಕೂಡಲೇ ಈಗಲೂ ಬಕೆಟ್ಟಿಗೆ ಕೈ ಹಾಕುತ್ತಾಳೆ.